ಇಪ್ಪತ್ತೈದನೇ ಪುಟದ ಮುದ್ರೆ

ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ಕೊಲ್ಲಿ ನಾಡಿನ ಹವಲ್ಲಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿರುವ ರುಡಾಲ್ಫನಿಗೆ ಅಮೆರಿಕದ ಹಳೇ ಲೈಬ್ರರಿಗಳ ಹುಚ್ಚು. ಅಮೆರಿಕ ಕಂಡವನೇನೂ ಅಲ್ಲ ಬಿಡಿ. ಆದರೂ ಅಲ್ಲಿನ ಲೈಬ್ರರಿ ಕಾರ್ಡು, ಪೋಸ್ಟ್‌ಕಾರ್ಡು, ತಾರೀಕಿನ ರಬ್ಬರ್ ಸ್ಟಾಂಪುಗಳೆಲ್ಲ ಷೋಕೇಸಿನಲ್ಲಿ ಕೂತಿದ್ದವು. ಹೆಂಡತಿ ಲೂರ್ಡ್ಸ್‌ಳ ಪಿಂಗಾಣಿ ಬಸಿಗಳು ಮಂಚದಡಿ ಸೇರಿದ್ದವು.

ಮೊನ್ನೆ ಷಿಕಾಗೋದಿಂದ ಬಂದ ಭಾವ ಒಂದು ಕಬ್ಬಿಣದ ಮುದ್ರೆ ತಂದುಕೊಟ್ಟಿದ್ದ. ಹಿಡಿ ಒತ್ತಿದರೆ ಕಾಗದದ ಮೇಲೆ ಲೈಬ್ರರಿಯ ಹೆಸರು ದುಂಡಗೆ ಉಬ್ಬಿ ಬರುತ್ತಿತ್ತು. ರುಡಾಲ್ಫ್ ಮಗಳು ಲೊರೈನಳನ್ನು ಕೂರಿಸಿಕೊಂಡು ಪುರಾಣ ಬಿಚ್ಚಿದ್ದ. ಉಕ್ಕಿನ ಸಾಹುಕಾರನೊಬ್ಬ ಊರೂರಿಗೆ ಲೈಬ್ರರಿ ಕಟ್ಟಿಸಿಕೊಟ್ಟದ್ದು, ಕಳ್ಳರ ಕಾಟಕ್ಕೆ ಪ್ರತಿ ಪುಸ್ತಕದ ಒಳಪುಟವೊಂದರಲ್ಲಿ ಗುಟ್ಟಾಗಿ ಮುದ್ರೆ ಒತ್ತುತ್ತಿದ್ದದ್ದು, ಎಲ್ಲ. "ಈ ಲೈಬ್ರರಿಯಲ್ಲಿ ಇಪ್ಪತ್ತೈದನೇ ಪುಟ. ಯಾರೇ ಕೊಂಡೋಗ್ಲಿ, ಮುದ್ರೆ ಇದ್ರೆ ವಾಪಸ್ ಕೊಡ್ಲೇಬೇಕು."

ಇವತ್ತು ಬೆಳಿಗ್ಗೆ ಕಂಪನಿಯ ಕಾಗದಪತ್ರ ನೋಡುವ ಫೈಝಲ್, ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣಕ್ಕೆ ಪಾಸ್‌ಪೋರ್ಟ್ ಒಯ್ಯಲು ಬರುವವನಿದ್ದ. ಒಮ್ಮೆ ನೋಡೋಣವೆಂದು ಪುಟ ತಿರುವಿದ ರುಡಾಲ್ಫನ ಬೆರಳಿಗೆ ಏನೋ ತಡೆಯಿತು. ಇಪ್ಪತ್ತೈದನೇ ಪುಟ. ಅಮೆರಿಕದ ಲೈಬ್ರರಿ ಅಲ್ಲಿ ದುಂಡಗೆ ಉಬ್ಬಿ ಕೂತಿತ್ತು.

ಪಾಸ್‌ಪೋರ್ಟಿನಲ್ಲಿ ಕಳ್ಳ ಮುದ್ರೆ ಅಂದರೆ ಜೈಲು, ಆಮೇಲೆ ವಿಮಾನ. ಎದುರು ಫ್ಲಾಟಿನ ಝಹೀರನನ್ನು ಇಕಾಮಾದ ಏನೋ ತಕರಾರಿಗೆ ಕೊಂಡೊಯ್ದ ಪೊಲೀಸರು ಮನೆಗೆ ಬಿಡದೆ ನೇರ ಊರಿಗೆ ಕಳಿಸಿದ್ದರು. ಅವನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇತ್ತು.

"ಇಸ್ತ್ರಿ ಪೆಟ್ಟಿಗೆ ಇಡುವನಾ?" ಅಂದ ರುಡಾಲ್ಫ್.

"ಸುಟ್ಟು ಹೋದ್ರೆ ಮತ್ತೆ ಎಂತ ಮಾಡುದು? ನಿಮ್ಮ ಹುಚ್ಚು ನಮ್ಮನ್ನು ತಿಂತು ನೋಡಿ," ಎಂದು ಲೂರ್ಡ್ಸ್ ಅತ್ತೇಬಿಟ್ಟಳು.

ಲೊರೈನ್ ಬಾಗಿಲಲ್ಲಿ ನಿಂತಿದ್ದಳು. "ಐ ಡಿಡ್ ಇಟ್, ಡ್ಯಾಡಾ."

ಅವನ ಕೈ ಮೇಲೆದ್ದಿತ್ತು.

"ಝಹೀರ್ ಅಂಕಲ್‌ಗೆ ಮುದ್ರೆ ಇರ್ಲಿಲ್ಲ. ಅದಕ್ಕೆ ಅವರು ವಾಪಸ್ ಕೊಡ್ಲಿಲ್ಲ," ಅಂದಳು ಮಗು. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ರುಡಾಲ್ಫ್ ಅವಳ ತಲೆಯ ಮೇಲಿಟ್ಟ.

ಬಾಗಿಲ ಬೆಲ್ ಆಯಿತು. ಮುಚ್ಚಿಡುವ ಧೈರ್ಯ ಅವನಿಗಿರಲಿಲ್ಲ. ಫೈಝಲ್‌ಗೆ ತಾನೇ ಪುಟ ತೆರೆದು ತೋರಿಸಿದ. ಫೈಝಲ್ ಬೆರಳಾಡಿಸಿ, ಪಾಸ್‌ಪೋರ್ಟನ್ನು ತಿರುಗಿ ಅವನ ಕೈಗೇ ಕೊಟ್ಟ.

"ಇದನ್ನು ಕೊಂಡೋದ್ರೆ ನನ್ನನ್ನೂ ಒಳಗೆ ಹಾಕ್ತಾರೆ ಭಾಯಿ. ಎಂಬೆಸಿಗೆ ಹೋಗಿ ಹೊಸದು ಮಾಡ್ಸಿ. ಅದು ಬರುವ ಮೊದ್ಲೇ ನಿಮ್ಮ ಇಕಾಮಾ ಖಲಾಸ್. ರಸ್ತೆಯಲ್ಲಿ ತಪಾಸಣೆ ಜೋರುಂಟು, ಸುಮ್ಮನೆ ತಿರುಗ್ಬೇಡಿ."

ಅವನು ಹೋದ ಮೇಲೆ ರುಡಾಲ್ಫ್ ಕಬ್ಬಿಣದ ಮುದ್ರೆಯನ್ನು ಹಳೇ ಟವೆಲಿನಲ್ಲಿ ಸುತ್ತಿ ಕೆಳಗಿನ ಕಸದ ತೊಟ್ಟಿಗೆ ಹಾಕಿ ಬಂದ. ಲೂರ್ಡ್ಸ್ ಚಿಲಕ ಹಾಕಿದಳು. ಲಿಫ್ಟ್ ಸದ್ದಾದಾಗಲೆಲ್ಲ ಮೂವರೂ ಮಾತು ನಿಲ್ಲಿಸುತ್ತಿದ್ದರು.

"ಡ್ಯಾಡಾ, ಹೊಸ ಪಾಸ್‌ಪೋರ್ಟಲ್ಲಿ ಮುದ್ರೆ ಇರುದಿಲ್ವಾ?" ಲೊರೈನ್ ಕೇಳಿದಳು.

"ಇಲ್ಲ ಮಗಾ."

"ಹಾಗಾದ್ರೆ ನಿನ್ನನ್ನು ಕೊಂಡೋದ್ರೆ, ನೀನು ನಮ್ಮದು ಅಂತ ಅವ್ರಿಗೆ ಹೇಗೆ ಗೊತ್ತಾಗ್ತದೆ?"

ಲಿಫ್ಟ್ ಅವರ ಮಹಡಿಯಲ್ಲಿ ನಿಂತಿತು. ರುಡಾಲ್ಫ್ ಮಗಳ ಬಾಯಿಗೆ ಮೆಲ್ಲಗೆ ಕೈ ಅಡ್ಡ ಇಟ್ಟ.