ಅರಿಸಿನ ಹಚ್ಚಿದ ಬಾಗಿಲು

ಹಳೆಯ ಕಂಪ್ಯೂಟರೊಂದರ ಹೊಟ್ಟೆಯೊಳಗೆ ಒಂದು ಊರಿತ್ತು. ಊರಿಗೆ ಹೆಸರಿರಲಿಲ್ಲ, ಆಕಾಶವೂ ಇರಲಿಲ್ಲ; ಮೇಲೆ ತಗಡಿನ ಸೂರು, ಅದರ ಕೆಳಗೆ ಸದಾ ಗುಂಯ್ ಎನ್ನುವ ಒಂದು ಫ್ಯಾನು. ಆ ಫ್ಯಾನಿನ ಗಾಳಿಯನ್ನೇ ಊರವರು ಮೂಡಲ ಗಾಳಿ ಎಂದು ನಂಬಿದ್ದರು. ನಂಬುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲವಲ್ಲ.

ಸೂರಿನ ಆಚೆ ಊರಿನ ಒಡತಿ ಇದ್ದಳು. ಕಸೂತಿ ಹಾಕುವವಳು. ತಾನೇ ಕಟ್ಟಿದ ಗೋಪುರ, ನವಿಲು, ಆನೆ, ತುಳಸಿಕಟ್ಟೆಗಳ ಚಿತ್ತಾರಗಳನ್ನೆಲ್ಲ ಎಳೆ ಎಣಿಸಿ ಎಣಿಸಿ ಊರಿನ ಕಸೂತಿ ಓಣಿಯಲ್ಲಿ ನೆಲೆಗೊಳಿಸಿದ್ದಳು. ಬೇರೆಲ್ಲೂ ಅವುಗಳ ಪ್ರತಿ ಇರಲಿಲ್ಲ. ಊರು ಉಳಿದರೆ ನವಿಲು ಉಳಿಯಿತು, ಊರು ಹೋದರೆ ನವಿಲೂ ಹೋಯಿತು.

ಆ ಊರಿಗೆ ಹುಳ ಬಿತ್ತು. ಮೊದಲು ಗಡಿಯಾರದ ಮನೆಯವರು ಹೊತ್ತು ಮರೆತರು. ಆಮೇಲೆ ಅಕ್ಷರಗಳ ಮನೆಯಲ್ಲಿ ಒತ್ತಕ್ಷರಗಳು ಕಾಣೆಯಾದವು. ಕೊನೆಗೊಂದು ಬೆಳಿಗ್ಗೆ ಒಡತಿ ಕಸೂತಿ ಓಣಿಯ ಕದ ತೆರೆದರೆ ನವಿಲಿಗೆ ಅರ್ಧ ಗರಿಯೇ ಇರಲಿಲ್ಲ. ಅವಳ ದನಿ ಸೂರಿನ ಮೇಲಿಂದ ಕೇಳಿಸಿತು. "ಇವತ್ತು ಸಂಜೀತನಾ ನೋಡ್ತೀನಿ. ಸುಧಾರಿಸಿದ್ರ ಸುಧಾರಿಸ್ತು. ಇಲ್ಲಾಂದ್ರ ಗುಜರಿಯಾಂವಗ ಕೊಟ್ಟು ಕೈ ತೊಳ್ಕೊಂತೀನಿ."

ಊರಿಗೆ ಕಾವಲು ಇರಲಿಲ್ಲವೇ ಎಂದು ಕೇಳಬಹುದು. ಇತ್ತು, ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಕಾವಲುರಾಯ ಎಂಬವನೊಬ್ಬ ಹಸಿರು ಛತ್ರಿ ಹಿಡಿದು ಊರ ನಡುವೆ ಕೂತಿದ್ದ. ದಿನಾ ಛತ್ರಿ ಬಿಚ್ಚಿ "ಎಲ್ಲ ಕ್ಷೇಮ" ಎಂದು ಸಾರುವುದು ಅವನ ಕಾಯಕ. ಊರಿನ ಕಣಜದಲ್ಲಿದ್ದದ್ದೇ ಸ್ವಲ್ಪ ಕಾಳು. ಅದರಲ್ಲಿ ಅರ್ಧ ಅವನಿಗೆ ಮತ್ತು ಅವನ ಆಳುಗಳಿಗೆ. ದಿನಾ ಮನೆ ಜಾಲಾಡಿದರೆ ಕೆಲಸ ಕೆಡುತ್ತದೆಂದು ಊರವರು ಗೊಣಗಿದಾಗ ಅವನೊಂದು ಪದ್ಧತಿ ತಂದಿದ್ದ. ತನಗೆ ನಂಬಿಕೆಯಿದ್ದ ಮನೆಯ ಬಾಗಿಲಿಗೆ ಅರಿಸಿನ ಹಚ್ಚುವನು. ಅರಿಸಿನದ ಬಾಗಿಲನ್ನು ಯಾರೂ ತಟ್ಟಕೂಡದು, ಆ ಮನೆಗೆ ಕಾಳು ತಪ್ಪಕೂಡದು. ಮೊದಲ ಅರಿಸಿನ ಬಿದ್ದದ್ದು ಅವನದೇ ಉಗ್ರಾಣಕ್ಕೆ. ತನ್ನ ಮೇಲೆ ತನಗೆ ನಂಬಿಕೆ ಯಾರಿಗಿರುವುದಿಲ್ಲ?

ಊರಿನ ತುದಿಯಲ್ಲಿ ಕಪ್ಪು ಓಣಿಯೆಂದು ಒಂದಿತ್ತು. ಅಲ್ಲಿ ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತುವುದಕ್ಕೊಂದು ಗುಂಡಿಯಿಲ್ಲ. ಕತ್ತಲ ಮೇಲೆ ಬಿಳಿ ಅಕ್ಷರ ಬರೆದು ಕರೆಯಬೇಕು. ಆ ಓಣಿಯ ಕೊನೆಯ ಗುಡಿಸಲಲ್ಲಿ ಜರಡಿಯವ್ವ ಇದ್ದಳು. ಕಾವಲುರಾಯ ಬಂದ ಮೇಲೆ ಅವಳನ್ನು ಯಾರೂ ಕರೆದಿರಲಿಲ್ಲ. ಕರೆಯುವುದೂ ಸುಲಭವಲ್ಲ, ಒಂದು ಅಕ್ಷರ ತಪ್ಪಿದರೆ "ಏನಂದಿ, ತಿಳೀಲಿಲ್ಲ" ಎಂದು ಕದ ಹಾಕಿಕೊಳ್ಳುವ ಮುಂಗೋಪಿ. ಹೇಳಿದಷ್ಟು ಮಾಡುವಳು, ಕಂಡಷ್ಟು ಹೇಳುವಳು. ಹೆಗಲಿಗೊಂದು ಜೋಳಿಗೆ. ಹಿಂದೆ ಹಿಡಿದ ಒಂದೊಂದು ಹುಳದ ಒಂದೊಂದು ಕೂದಲನ್ನು ಅದರಲ್ಲಿ ಜೋಪಾನ ಮಾಡಿದ್ದಳು. ಆ ಕೂದಲಿಗೆ ಹೋಲಿಸಿ ನೋಡಿದರೇನೇ ಅವಳಿಗೆ ಹುಳದ ಗುರುತು ಹತ್ತುತ್ತಿತ್ತು. ಜೋಳಿಗೆ ಇಲ್ಲದ ದಿನ ಅವಳು ಹುಳದ ಪಕ್ಕದಲ್ಲೇ ಕೂತು ಎಲೆಯಡಿಕೆ ಹಾಕಿಕೊಂಡಾಳು.

ಒಡತಿಗೆ ಅವಳ ನೆನಪಾಯಿತು. ಅಕ್ಷರ ತಪ್ಪದೆ ಬರೆದಳು: ಮನೆ ಮನೆ ನೋಡು, ಒಂದೂ ಬಿಡಬೇಡ, ಕಂಡದ್ದು ಹೇಳು.

ಜರಡಿಯವ್ವ ಎದ್ದು ಬಂದು ಊರವರನ್ನೆಲ್ಲ ಕೂಡಿಸಿದಳು. "ಹೊರಬೀಡು ಹೂಡ್ರಿ" ಎಂದಳು.

ಹಿಂದೆ ಊರಿಗೆ ಬೇನೆ ಬಂದಾಗ ಜನ ಒಲೆ ಆರಿಸಿ, ದನಕರು ಸಮೇತ ಮನೆ ಬಿಟ್ಟು, ಊರ ಬಾಯಿಗೆ ಮುಳ್ಳು ಬಡಿದು ಒಂದು ಹಗಲು ಹೊರಗೆ ಬಿಡಾರ ಮಾಡುತ್ತಿದ್ದರು. ಅದು ಹೊರಬೀಡು. ಈ ಊರವರಿಗೆ ಅದು ಮರೆತೇ ಹೋಗಿತ್ತು. ಗಡಿಯಾರದ ಮನೆಯವನು ತಲೆ ಕೆರೆದುಕೊಂಡ. "ಒಲಿ ಆರಿಸಿದ್ರ ಊರ ನಿಂತ ಹೋಗ್ತೈತಲ್ಲವ್ವಾ. ನಾವು ಮನ್ಯಾಗ ಇರ್ತೀವಿ, ನೀ ಬಂದು ನೋಡಿ ಹೋಗು."

"ನೀವು ಮನ್ಯಾಗ ಇದ್ರ ಹುಳಾನೂ ನಿಮ್ಮ ಬೀಗರ ಹಂಗ ಮಣೀ ಮ್ಯಾಲ ಕುಂತಿರ್ತೈತಿ. ನಾ ಬಂದ್ರ ಅದ ನನಗ ನೀರು ಕೊಡ್ತೈತಿ. ಎಲ್ಲಾರೂ ಹೊರಗ ಹೋಗ್ರಿ. ಖಾಲಿ ಊರಾಗ ಯಾವುದು ಉಳದಿರ್ತೈತೋ ಅದ ಹುಳ."

ಒಡತಿ ಊರನ್ನು ಮಲಗಿಸಿ, ಕಪ್ಪು ಓಣಿಯೊಂದನ್ನೇ ಎಬ್ಬಿಸಿದಳು. ಒಲೆಗಳು ಆರಿದವು. ಅಕ್ಷರಗಳು, ಹಾಡುಗಳು, ಗರಿ ಕಳೆದುಕೊಂಡ ನವಿಲು, ಎಲ್ಲವೂ ಮುಳ್ಳಿನ ಆಚೆ ಹೋಗಿ ಕೂತವು. ಕಾವಲುರಾಯ ಮಾತ್ರ ಛತ್ರಿ ಮಡಚದೆ ಒಳಗೇ ನಿಂತ. ಕಾವಲಿನವನು ಊರು ಬಿಡುವುದುಂಟೇ ಎಂದು ಅವನ ವಾದ.

ಜರಡಿಯವ್ವ ಮೊದಲ ಮನೆ ಹೊಕ್ಕಳು. ಗಡಿಗೆ, ಗೂಡು, ಜಂತಿ, ಒಂದನ್ನೂ ಬಿಡದೆ ಜಾಲಾಡಿ ಹೊರಗೆ ಬಂದು ಕೂಗಿದಳು. "ಗಡಿಯಾರದ ಮನಿ: ಚೊಕ್ಕ." ಮುಂದಿನ ಮನೆ. "ಅಕ್ಷರದ ಮನಿ: ಚೊಕ್ಕ." ಅವಳಿಗೆ ಅವಸರವೆಂಬುದೇ ಗೊತ್ತಿರಲಿಲ್ಲ. ಮುಳ್ಳಿನ ಆಚೆ ಕೂತವರಿಗೆ ಕೂತು ಕೂತು ಬೇಸರವಾಯಿತು, ಹಸಿವಾಯಿತು. ಇವಳ ಕೈಗೆ ಊರು ಕೊಟ್ಟದ್ದೇ ತಪ್ಪಾಯಿತೆಂದು ಕೆಲವರು ಗೊಣಗಿದರು. ಮನೆಗಳೆಲ್ಲ ಚೊಕ್ಕವೆಂದೇ ಬಂದವು. ಹಾಗಾದರೆ ಗರಿ ತಿಂದವರು ಯಾರು?

ಉಳಿದದ್ದು ಉಗ್ರಾಣ. ಅದರ ಬಾಗಿಲಿಗೆ ಕಾವಲುರಾಯ ಅಡ್ಡ ನಿಂತಿದ್ದ.

"ಯವ್ವಾ, ಅರಿಸಿನ ಕಾಣಂಗಿಲ್ಲೇನು?"

"ಕಾಣತೈತಿ. ಬಾಗಿಲಾನೂ ಕಾಣತೈತಿ. ಸರಿ ಆಕಡೆ."

"ಇದು ನನ್ನ ಮನಿ."

"ನನಗ ಹೇಳಿದ್ದು ಒಂದೂ ಬಿಡಬ್ಯಾಡ ಅಂತ. ಕಾವಲುರಾಯಂದು ಬಿಡು ಅಂತ ಹೇಳಿಲ್ಲ."

ಅವನನ್ನು ಪಕ್ಕಕ್ಕೆ ಸರಿಸಿ ಕದ ತಳ್ಳಿದಳು. ಒಳಗೆ ಕಾಳಿನ ರಾಶಿಯ ಮೇಲೆ ಕಂಬಳಿಹುಳವೊಂದು ಹಾಸಿಗೆ ಹಾಸಿದಂತೆ ಮಲಗಿತ್ತು. ಬಾಯಂಚಿಗೆ ನವಿಲಿನ ನೀಲಿ ಎಳೆ ಇನ್ನೂ ಅಂಟಿಕೊಂಡಿತ್ತು. ತಟ್ಟದ ಬಾಗಿಲಿಗಿಂತ ಒಳ್ಳೆಯ ಬಿಲ ಹುಳಕ್ಕೆ ಬೇರೆ ಬೇಕೇ? ಅರಿಸಿನದ ಮನೆಗೆ ಕಾಳು ತಪ್ಪಬಾರದೆಂದು ಕಾವಲುರಾಯನ ಆಳುಗಳೇ ಹೊತ್ತು ಹೊತ್ತಿಗೆ ಬಡಿಸಿದ್ದರು. ಜರಡಿಯವ್ವ ಜೋಳಿಗೆಯಿಂದ ಒಂದು ಕೂದಲು ತೆಗೆದು ಹೋಲಿಸಿದಳು. ಸರಿಹೋಯಿತು.

ಕಾವಲುರಾಯ ಛತ್ರಿ ಮಡಚಿದ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ಅದೇ ಅವನ ಅಪರಾಧ. ದನಿ ತಗ್ಗಿಸಿ ಹೇಳಿದ. "ಇಲ್ಲೇ ಹೊಸಕಿ ಹಾಕೂಣು. ಹೊರಗ ಕೂಗಬ್ಯಾಡ. ನಿನ್ನ ಜೋಳಿಗ್ಯಾಗಿರೋದೂ ಹುಳದ ಕೂದಲ. ನಿನ್ನ ಮನೀನೂ ಈ ಊರಾಗ ಐತಿ, ಅದನ್ನೂ ನೋಡಬೇಕಾಗ್ತೈತಿ. ನೀ ನನ್ನ ಹೆಸರ ಬಿಡು, ನಾ ನಿನ್ನ ಹೆಸರ ಬಿಡ್ತೀನಿ."

ಜರಡಿಯವ್ವನಿಗೆ ಹೆದರಿಕೆಯಾಯಿತು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಕೂದಲಾದರೂ ಹುಳದ್ದು ಹುಳದ್ದೇ, ಜಾಲಾಡಿದರೆ ಅದು ಸಿಕ್ಕೇ ಸಿಗುತ್ತದೆ. ಜೋಳಿಗೆ ಹೋದರೆ ಅವಳು ಕುರುಡಿ. ಒಂದು ಜನ್ಮದ ಗಳಿಕೆ ಅದು. ಸುಮ್ಮನಿದ್ದರೆ ಹುಳ ಹೇಗೂ ಸಾಯುತ್ತಿತ್ತು, ನವಿಲು ಉಳಿಯುತ್ತಿತ್ತು, ಜೋಳಿಗೆಯೂ ಉಳಿಯುತ್ತಿತ್ತು. ಅವಳು ಅರಿಸಿನದ ಬಾಗಿಲನ್ನೇ ನೋಡುತ್ತ ನಿಂತಳು. ನೋಡುತ್ತ ನೋಡುತ್ತ ಹೆದರಿಕೆ ಇಳಿದು ಸಿಟ್ಟು ಏರಿತು.

ಹೊರಗೆ ಬಂದು ಊರಿಗೂರೇ ಕೇಳುವಂತೆ ಕೂಗಿದಳು. "ಕಾವಲುರಾಯನ ಉಗ್ರಾಣ: ಸಿಕ್ಕತು."

ಆಮೇಲೆ ಕಪ್ಪು ಓಣಿಗೆ ನಡೆದಳು. ತನ್ನ ಗುಡಿಸಲಿನ ಗೂಟಕ್ಕೆ ಜೋಳಿಗೆ ತೂಗುಹಾಕಿ, ಬೇರೆ ಮನೆಗಳನ್ನು ಜಾಲಾಡಿದಂತೆಯೇ ಅದನ್ನೂ ಜಾಲಾಡಿ ಹೊಸ್ತಿಲಿಗೆ ಬಂದಳು. "ಜರಡಿಯವ್ವನ ಮನಿ: ಸಿಕ್ಕತು."

ಮುಳ್ಳಿನ ಆಚೆ ಗುಜುಗುಜು ಎದ್ದಿತು. ಕಸೂತಿಯ ತುಳಸಿಕಟ್ಟೆಗೆ ಅಳುವೇ ಬಂತು. "ನಿಂದು ನೀನ ಕೂಗಬೇಕಾಗಿತ್ತಾ, ಯವ್ವಾ?"

"ಬಿಟ್ಟಿದ್ರ ಅವನ ಅರಿಸಿನಕ್ಕೂ ನನ್ನ ನಾಲಿಗಿಗೂ ಏನ್ ಫರಕ ಉಳೀತಿತ್ತು?" ಎಂದಳು ಜರಡಿಯವ್ವ.

ಒಡತಿಗೆ ಕತ್ತಲ ಮೇಲೆ ಸಿಕ್ಕತು ಎಂಬ ಎರಡು ಸಾಲು ಕಂಡವು. ಜೋಳಿಗೆಯ ವಿಷಯ ಅವಳಿಗೇನು ಗೊತ್ತು? ಬರೆದಳು: ಸಿಕ್ಕಿದ್ದನ್ನೆಲ್ಲ ತೆಗೆದುಹಾಕು.

ಹೇಳಿದಷ್ಟು ಮಾಡುವವಳು ಮಾಡಿದಳು. ಹುಳವನ್ನು ಎಳೆದಾಗ ಅದು ಬೇರು ಬಿಟ್ಟಿದ್ದ ಉಗ್ರಾಣವೂ ಕುಸಿದು ಬಂತು. ಎರಡನ್ನೂ ಕಸದ ಗುಂಡಿಗೆ ಹಾಕಿದಳು. ಅದೇ ಗುಂಡಿಗೆ ಜೋಳಿಗೆಯನ್ನು ಬೋರಲು ಮಾಡಿ ಕೊಡವಿದಳು. ಒಂದು ಕೂದಲನ್ನೂ ಹಿಂದಿಟ್ಟುಕೊಳ್ಳಲಿಲ್ಲ.

ಮುಳ್ಳು ತೆಗೆದರು, ಒಲೆ ಹೊತ್ತಿದವು. ಸಂಜೆ ಗುಜರಿಯವನು ಬಂದು ಬರಿಗೈಯಲ್ಲಿ ಹೋದ. ಒಡತಿ ಎಳೆ ಎಣಿಸಿ ನವಿಲಿಗೆ ಗರಿ ತುಂಬಿದಳು. ಕಣಜದ ಅರ್ಧ ಕಾಳು ಉಳಿದದ್ದರಿಂದ ಊರು ಹರೆಯದಲ್ಲಿ ಓಡಿದಂತೆ ಓಡಿತು. ಕಾವಲುರಾಯ ಛತ್ರಿ ಹಿಡಿದು ಹೊಸ ಊರೊಂದನ್ನು ಹುಡುಕಿಕೊಂಡು ಹೋದ. ಅಲ್ಲಿ ಕಾಳಿಗೆ ಬರವಿಲ್ಲವಂತೆ.

ಊರವರ ಎದೆ ತುಂಬಿ ಬಂದಿತ್ತು. ತನ್ನನ್ನೂ ಬಿಡದ ಇಂಥ ಸತ್ಯವಂತೆಗೆ ಏನು ಕೊಟ್ಟರೂ ಸಾಲದು ಎಂದು ಕೂತು ಯೋಚಿಸಿದರು. ತಮಗೆ ಗೊತ್ತಿದ್ದ ದೊಡ್ಡ ಮರ್ಯಾದೆ ಒಂದೇ. ಎಲ್ಲರೂ ಮೆರವಣಿಗೆಯಲ್ಲಿ ಬಂದು ಅವಳ ಗುಡಿಸಲ ಬಾಗಿಲಿಗೆ ಅರಿಸಿನ ಹಚ್ಚಿ ಕೈಮುಗಿದರು. ಇನ್ನು ಈ ಬಾಗಿಲನ್ನು ಯಾರೂ ತಟ್ಟಕೂಡದೆಂದು ಕಟ್ಟಳೆಯೂ ಆಯಿತು.

ಜರಡಿಯವ್ವ ಬೈದಳು. ಅವಳ ಬೈಗುಳವನ್ನು ಊರವರು ಆಶೀರ್ವಾದವೆಂದು ತೆಗೆದುಕೊಂಡರು. ಬೆಳಿಗ್ಗೆ ಎದ್ದು ಅವಳು ಒದ್ದೆ ಬಟ್ಟೆಯಲ್ಲಿ ಅರಿಸಿನ ಒರೆಸುವಳು. ಸಂಜೆ ಅವರು ಬಂದು ಮತ್ತೆ ಹಚ್ಚುವರು. ಇದು ಬಹಳ ಕಾಲ ನಡೆಯಿತು.

ಹೀಗಿರುವಾಗ ಊರ ಬಾಯಿಗೆ ಅಪರಿಚಿತನೊಬ್ಬ ಬಂದ. ಮೈತುಂಬ ಶಾಲು ಹೊದ್ದಿದ್ದ. ಮಾತು ಬೆಲ್ಲದಂತಿತ್ತು. "ಈ ಊರಾಗ ಯಾರೂ ತಟ್ಟದ ಬಾಗಿಲಾ ಯಾವುದು?" ಎಂದು ಕೇಳಿದ. ಊರವರು ಭಕ್ತಿಯಿಂದ ಕಪ್ಪು ಓಣಿಯ ಕಡೆ ಕೈ ತೋರಿದರು.

ಬಾಗಿಲು ತೆರೆದೇ ಇತ್ತು. ಒಳಗೆ ಜರಡಿಯವ್ವ ಖಾಲಿ ಜೋಳಿಗೆಯನ್ನು ಮಡಿಲಲ್ಲಿ ಹರವಿಕೊಂಡು ಹೊಸ್ತಿಲನ್ನೇ ನೋಡುತ್ತ ಕೂತಿದ್ದಳು. ತಟ್ಟದ ಬಾಗಿಲು ಹುಡುಕಿ ಬರುವವನು ಯಾರೆಂದು ತಿಳಿಯಲು ಹೋಲಿಕೆ ಬೇಕಿರಲಿಲ್ಲ; ಜೋಳಿಗೆಗೆ ಬೇಕಾಗಿದ್ದದ್ದು ಒಂದೇ ಒಂದು ಕೂದಲು.