ಇದೇ ಸ್ವರ ಇರಲಿ

ಮಳೆ ನಿಂತು ಆಗಷ್ಟೇ ಬಿಸಿಲು ಮೂಡಿತ್ತು. ದೇವಾಲಯದ ಎತ್ತರದ ಬಣ್ಣದ ಗಾಜುಗಳಿಂದ ಇಳಿದ ಆ ಅಪರಾಹ್ನದ ಮೃದುಕಿರಣಗಳು ಖಾಲಿ ಬೆಂಚುಗಳ ಮೇಲೆ ನೀಲಿ, ಕೇಸರಿ, ದ್ರಾಕ್ಷಾವರ್ಣಗಳನ್ನು ಚೆಲ್ಲಿ, ಶಿಲುಬೆಯ ಪಾದದವರೆಗೂ ಹರಿದು, ಅಲ್ಲಿಯೇ ಪ್ರಾರ್ಥನೆಗೆ ನಿಂತಂತಿದ್ದವು. ಆಹಾ, ಎಂಥ ಪ್ರಶಾಂತತೆ! ಆದರೆ ಸಹೃದಯ ವಾಚಕರೇ, ಆ ಪ್ರಶಾಂತಿಯ ನಡುವೆ ಒಂದು ಹೆಣ್ಣುಜೀವ ಮಾತ್ರ ತಳಮಳಿಸುತ್ತಿತ್ತು.

ಅವಳು ಗಾಯಕವೃಂದದವರ ನಿಲುವಂಗಿಗಳನ್ನು ಹೊಲಿಯುವ ದರ್ಜಿ. ಹುಟ್ಟಿನಿಂದಲೂ ದುರ್ಬಲವಾದ ಹೃದಯ; ಎಷ್ಟು ವಸಂತಗಳು ಉಳಿದಿವೆಯೆಂದು ವೈದ್ಯರೂ ಹೇಳಲಾರರು. ದೇವಾಲಯದ ಆರ್ಗನ್ ವಾದ್ಯವನ್ನು ಶ್ರುತಿ ಮಾಡಲು ಪರವೂರಿನಿಂದ ಬಂದವನು ಅದರ ಕೊಳವೆಗಳ ಕಾಡಿನೊಳಗೆ ನುಗ್ಗಿ, ಒಂದೊಂದರ ತುದಿಯನ್ನೂ ಹಗುರಾಗಿ ತಟ್ಟುತ್ತಾ ಕುಳಿತರೆ, ಹೊರಗೆ ಯಾರಾದರೂ ವಾದ್ಯದ ಮುಂದೆ ಕುಳಿತು ಒಂದೊಂದೇ ಸ್ವರದ ಕೀಲಿಯನ್ನು ಒತ್ತಿ ಹಿಡಿಯಬೇಕು. ಆ ಕೆಲಸಕ್ಕೆ ಪಾದ್ರಿಗಳು ಅವಳನ್ನು ಕರೆದಿದ್ದರು. ಒಳಗಿನಿಂದ ಅವನು "ಮುಂದೆ" ಎಂದರೆ ಮುಂದಿನ ಕೀಲಿ. "ಇರಲಿ" ಎಂದರೆ ಬೆರಳು ತೆಗೆಯಬಾರದು. ಒಬ್ಬರ ಮುಖ ಒಬ್ಬರಿಗೆ ಕಾಣದೆ, ಬರೀ ಈ ಎರಡು ಮಾತುಗಳಲ್ಲೇ ಅವರಿಬ್ಬರ ನಡುವೆ ಪ್ರೀತಿ ಹೇಗೆ ಮೊಳೆಯಿತೋ... ಆ ದೇವರೇ ಬಲ್ಲ! ನಿನ್ನೆ ಅವನು ಮದುವೆಯ ಮಾತೆತ್ತಿದ್ದ. ಇಂದು ಕೆಲಸ ಮುಗಿಯುತ್ತದೆ, ಸಂಜೆ ಅವನು ಹೊರಡುತ್ತಾನೆ. ಅಷ್ಟರೊಳಗೆ ಅವಳು ಉತ್ತರ ಹೇಳಬೇಕು.

ಒಲ್ಲೆ ಎನ್ನಲು ನಿರ್ಧರಿಸಿಕೊಂಡೇ ಬಂದಿದ್ದಳು. ಎದುರಿಗೆ ನಿಂತು ಹೇಳುವ ಧೈರ್ಯ ಸಾಲದೆ, ಕೀಲಿಯೊಂದನ್ನು ಒತ್ತಿ ಹಿಡಿದು, ಹೊಮ್ಮುತ್ತಿದ್ದ ನಾದದ ಮರೆಯಲ್ಲೇ ಅಳಲು ತೋಡಿಕೊಂಡಳು.

"ನನ್ನನ್ನ ಕಟ್ಟಿಕೊಂಡು ಏನು ಸುಖ ಪಡ್ತೀರಿ? ಇವತ್ತು ಇದೀನಿ, ನಾಳೆ ಗೊತ್ತಿಲ್ಲ... ಮುಂದೆ?"

"ಮುಂದೆ ಬೇಡ," ಒಳಗಿನಿಂದ ದನಿ ಬಂತು. "ಇದೇ ಇರಲಿ. ಎಷ್ಟು ಚೆನ್ನಾಗಿದೆ! ಕೈ ಮಾತ್ರ ಬಿಡಬೇಡಿ."

ಒಲ್ಲೆ ಎಂಬ ನಿರ್ಧಾರ ಅಲ್ಲೇ ಕರಗಿಹೋಯಿತು. ತಲೆತುಂಬ ಧೂಳು ಹೊತ್ತು ಹೊರಬಂದ ಅವನು, ಅವಳ ಕೆನ್ನೆಯ ಮೇಲಿನ ಕಣ್ಣೀರನ್ನು ಕಂಡು ಗಾಬರಿಯಾದ.

"ಅಯ್ಯೋ, ಯಾಕೆ ಅಳ್ತಿದೀರಿ? ಬೆರಳು ನೋವಾಯ್ತಾ?"

"ನೀವು ಕೊಟ್ಟ ಉತ್ತರಕ್ಕೆ..."

"ಉತ್ತರಾನಾ? ನಾನು ಸ್ವರದ ಮಾತು ಹೇಳಿದೆ ಕಣ್ರೀ! ಆ ಸದ್ದಿನಲ್ಲಿ ನನಗೆ ಕೇಳಿಸಿದ್ದು 'ಮುಂದೆ' ಅನ್ನೋದೊಂದೇ."

ಅಳು, ನಗು ಎರಡೂ ಒಟ್ಟಿಗೇ ಬಂದವು. ಹೀಗೆ ಬೇಸ್ತು ಬಿದ್ದ ಮೇಲೆ ಇನ್ನು ಮರೆಯೇಕೆ? ಅವನ ಮುಖ ನೋಡುತ್ತಲೇ ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು. ಅವನು ಧೂಳು ಕೊಡವಿಕೊಳ್ಳುವುದನ್ನೂ ಮರೆತು ಕೇಳಿದ.

"ಭಯ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಸತ್ತವರು ಮತ್ತೆ ಏಳ್ತಾರೆ ಅಂತ ನಂಬಿದೋನು ನಾನು. ಆದ್ರೂ ನಿಮ್ಮನ್ನ ಮಣ್ಣಿಗೆ ಕೊಟ್ಟು ಒಬ್ಬನೇ ಮನೆಗೆ ಬರೋ ದಿನ ನೆನೆಸಿಕೊಂಡ್ರೆ ಕೈಕಾಲು ಆಡೋದಿಲ್ಲ. ಆದ್ರೆ ದಿನಾ ಪ್ರಾರ್ಥನೆಯಲ್ಲಿ ನಾವು ಕೇಳೋದು ಆವತ್ತಿನ ಅನ್ನ ಮಾತ್ರ ಅಲ್ವಾ? ನಾಳೇದನ್ನ ಕೇಳೋದೇ ಇಲ್ಲ..." ಆಗ ಧೂಳು ಕೊಡವಿಕೊಳ್ಳುತ್ತಾ ಕೇಳಿದ, "ಅಂದಹಾಗೆ, ಊಟ ಆಯ್ತಾ ನಿಮ್ದು?"

ಮೃತ್ಯುವಿನ ಮಾತಾಡುತ್ತಾಡುತ್ತಲೇ ಊಟದ ವಿಚಾರಕ್ಕೆ ಬಂದುಬಿಟ್ಟ ಈ ಮಹಾರಾಯನನ್ನು ಬಿಟ್ಟುಕೊಡುವುದಾದರೂ ಹೇಗೆ!

"ಇಲ್ಲ. ಡಬ್ಬಿ ತಂದಿದೀನಿ, ಇಬ್ಬರಿಗೂ ಸಾಲುತ್ತೆ," ಎಂದಳು. ಮತ್ತೆ ತಲೆ ತಗ್ಗಿಸಿ, "ಮದುವೆಗೆ ಮುಂಚೆ ಮೂರು ಭಾನುವಾರ ದೇವಾಲಯದಲ್ಲಿ ಎಲ್ಲರ ಮುಂದೆ ನಮ್ಮಿಬ್ಬರ ಹೆಸರಿನ ಪ್ರಕಟಣೆ ಓದಬೇಕಂತೆ. ಈ ಭಾನುವಾರದಿಂದಲೇ ಶುರು ಮಾಡಲಿ ಅಂತ ಪಾದ್ರಿಗಳಿಗೆ ಹೇಳಿ. ಒಂದು ವಾರ ಕಳೆದುಕೊಳ್ಳೋಕೂ ನನಗೆ ಇಷ್ಟ ಇಲ್ಲ."

ದೇವಾಲಯದ ಒದ್ದೆ ಮೆಟ್ಟಿಲ ಮೇಲೆ ಕುಳಿತು ಒಂದೇ ಡಬ್ಬಿಯಿಂದ ಉಂಡರು. ಮಾನವಹೃದಯವೆಂಬುದು ಎಂಥ ವಿಚಿತ್ರ! ಒಂದು ದಿನ ನಿಂತುಹೋಗುವೆನೆಂದು ತಿಳಿದಿದ್ದೂ ಅದು ತನ್ನನ್ನು ಕೊಟ್ಟುಕೊಳ್ಳುವುದನ್ನು ನಿಲ್ಲಿಸದು... ನಿತ್ಯಜೀವದ ಭರವಸೆಯಲ್ಲಿ ಬಾಳುವ ಆ ಇಬ್ಬರು ಮರ್ತ್ಯರಿಗೆ ಅಂದು ಸ್ವರ್ಗಕ್ಕಿಂತ ಹತ್ತಿರವಾಗಿದ್ದುದು ಪರಸ್ಪರರ ಭುಜ. ಪರಲೋಕದ ತಂದೆ ಅದಕ್ಕಾಗಿ ಮುನಿಸಿಕೊಂಡಿರಲಾರ.