ಗ್ರೀಸ್ ಹಿಡಿಯದ ಬುಶ್

ಮೇಸ್ತ್ರಿಯ ಕಿವಿ ಅಂತಿಂಥ ಕಿವಿಯಲ್ಲ. ಮೂರು ಬೀದಿಯಾಚೆ ಲಾರಿಯೊಂದು ಹೋದರೆ ಅದರ ಯಾವ ಚಕ್ರದ ಯಾವ ನಟ್ಟು ಸಡಿಲವಾಗಿದೆ, ಆ ನಟ್ಟು ಬಿಗಿದವನು ಬೆಳಿಗ್ಗೆ ಹೆಂಡತಿಯೊಡನೆ ಜಗಳವಾಡಿ ಬಂದಿದ್ದನೋ ಇಲ್ಲವೋ ಎಂಬುದನ್ನೆಲ್ಲ ಕೂತಲ್ಲೇ ಹೇಳಿಬಿಡುತ್ತಿದ್ದ. ನಲವತ್ತು ವರ್ಷದ ಕಸುಬಿನಲ್ಲಿ ಅವನು ಒಂದೇ ಒಂದು ತಪ್ಪು ಮಾಡಿರಲಿಲ್ಲ. ಸಾಕ್ಷಿ ಬೇಕಾದರೆ ಅವನನ್ನೇ ಕೇಳಬಹುದಿತ್ತು. ದಿನಕ್ಕೆ ಹನ್ನೆರಡು ಸಲ ಹೇಳುತ್ತಿದ್ದ.

ಈಗ ಕೇಳುವವರಿರಲಿಲ್ಲ. ಹೆಂಡತಿ ತೀರಿಕೊಂಡು ಎರಡು ವರ್ಷ. ಈ ಎರಡು ವರ್ಷದಲ್ಲಿ ಮನೆಯ ನಲ್ಲಿಗಳನ್ನು ನೂರು ಸಲ ಬಿಚ್ಚಿ ನೂರು ಸಲ ಹಾಕಿದ್ದ. ಬಾಗಿಲ ಕೀಲುಗಳಿಗೆ ಎಷ್ಟು ಎಣ್ಣೆ ಕುಡಿಸಿದ್ದನೆಂದರೆ ಎದುರುಮನೆಯಾಕೆ ಸೀನಿದರೆ ಇವನ ಮನೆಯ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಹಾಗೆ ತೆರೆದಾಗೆಲ್ಲ ಕತ್ತೆತ್ತಿ ನೋಡುತ್ತಿದ್ದ. ಗಾಳಿ ಬಂದು ಹೋಗುತ್ತಿತ್ತು. ರೇಡಿಯೊವನ್ನೂ ಬಿಚ್ಚಿ ಜೋಡಿಸಿದ್ದ. ಅದು ಮತ್ತೆ ಮಾತಾಡಲಿಲ್ಲ. ಅದು ತಯಾರಿಸಿದವರ ತಪ್ಪು.

ಕೈ ಹಚ್ಚದೆ ಉಳಿದದ್ದು ಷೆಡ್ಡಿನಲ್ಲಿ ಟಾರ್ಪಾಲಿನಡಿ ಒಂಬತ್ತು ವರ್ಷದಿಂದ ನಿಂತಿದ್ದ ಕಾರು. ಮೇಸ್ತ್ರಿಗಿಂತ ಹಿರಿಯದು, ಅವನಿಗಿಂತ ಗಟ್ಟಿಮುಟ್ಟು. ತಿಂಗಳಿಗೊಮ್ಮೆ ಎಂಜಿನ್ ಚಾಲೂ ಮಾಡಿ ಅದರ ಗುರುಗುಟ್ಟುವಿಕೆ ಕೇಳಿ ಆಫ್ ಮಾಡುತ್ತಿದ್ದ. ಓಡಿಸುವಂತಿರಲಿಲ್ಲ, ಮುಂದಿನ ಎಡಚಕ್ರ ನಡುಗುತ್ತಿತ್ತು. ಆ ಚಕ್ರದ ಹಿಂದೆ ಒಂದು ಜಗಳವಿತ್ತು.

ಬಾಗಿಲಿಗೆ ಕೀಲಿದ್ದಂತೆ, ಮುಂದಿನ ಚಕ್ರ ಅತ್ತಿತ್ತ ತಿರುಗಲು ಕಿಂಗ್ ಪಿನ್ ಎಂಬ ದಪ್ಪ ಉಕ್ಕಿನ ಗೂಟವೊಂದಿರುತ್ತದೆ. ಅದರ ಮೇಲ್ತುದಿಗೂ ಕೆಳತುದಿಗೂ ಒಂದೊಂದು ಹಿತ್ತಾಳೆಯ ಬಳೆ, ಅಂದರೆ ಬುಶ್. ಆ ಬುಶ್ಶುಗಳನ್ನು ಮೇಸ್ತ್ರಿ ತನ್ನ ಕೈಯಾರೆ ಕೂರಿಸಿದ್ದ, ಬೇರೆಯವರಿಗೆ ಮುಟ್ಟಲೂ ಬಿಟ್ಟಿರಲಿಲ್ಲ. ತಿಂಗಳಿಗೊಮ್ಮೆ ಗ್ರೀಸ್ ಹೊಡೆಯುವುದು ಮಾತ್ರ ಭಾವಮೈದುನನ, ಅಂದರೆ ಹೆಂಡತಿಯ ತಮ್ಮನ ಪಾಲು. ಆ ಮನುಷ್ಯ ಎಷ್ಟು ಮೆತ್ತಗಿನವನೆಂದರೆ ಇರುವೆ ಅಡ್ಡ ಬಂದರೆ ತಾನೇ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದ.

"ಭಾವ, ಎಡಗಡೆ ಮೇಲಿನ ಬುಶ್ ಗ್ರೀಸ್ ಹಿಡೀತಿಲ್ಲ. ಒತ್ತಿದ್ರೆ ನನ್ ಕೈಗೇ ವಾಪಸ್ ಬರ್ತಿದೆ," ಎಂದಿದ್ದ ಒಂದು ದಿನ.

"ಅದು ಬುಶ್ಶಿನ ದೋಷ ಅಲ್ಲ ಕಣೋ, ನಿನ್ ತೋಳಿಂದು. ಹೊಟ್ಟೆ ತುಂಬ ಊಟ ಮಾಡ್ಕೊಂಡ್ ಬಂದು ಒತ್ತು, ಹೋಗು."

ಬುಶ್ ಕೂರಿಸಿ ವರ್ಷ ತುಂಬುವ ಹೊತ್ತಿಗೆ, ಹನ್ನೊಂದು ಮಂದಿ ನೆಂಟರನ್ನು ತುಂಬಿಕೊಂಡು ಇಳಿಜಾರಿನಲ್ಲಿ ಬರುವಾಗ ಸ್ಟೀರಿಂಗ್ ಕುಣಿಯತೊಡಗಿತು. ಕುಣಿತವೆಂದರೆ ಎಂಥದ್ದು! ಹಿಂದೆ ಕೂತಿದ್ದ ದೊಡ್ಡತ್ತೆಯ ಹಲ್ಲಿನ ಸೆಟ್ಟು ಹಾರಿ ಮುಂದೆ ಕೂತಿದ್ದವರ ಮಡಿಲಿಗೆ ಬಿತ್ತು. ಕಾರು ಹೇಗೋ ನಿಂತಿತು. ಎಲ್ಲರೂ ಇಳಿದರು. ಆ ಎಲ್ಲರ ಎದುರು ಮೇಸ್ತ್ರಿ ಬೆರಳು ತೋರಿಸಿದ.

"ಈ ಮೈಗಳ್ಳ ವರ್ಷವೆಲ್ಲ ಗ್ರೀಸೇ ಹೊಡೆದಿಲ್ಲ! ಹೊಡ್ದೆ ಹೊಡ್ದೆ ಅಂತ ಸುಳ್ಳು ಹೇಳ್ಕೊಂಡು ನಮ್ಮನ್ನೆಲ್ಲ ಕೊಲ್ತಿದ್ದ."

"ಬಿಚ್ಚಿ ನೋಡಿ ಭಾವ. ಇಲ್ಲೇ ಬಿಚ್ಚಿ."

"ನನ್ ಕಿವಿ ಸಾಕು. ಬಿಚ್ಚೋದೇನು?"

ಭಾವಮೈದುನ ಅಲ್ಲಿಂದ ನಡೆದೇ ಹೋದ. ಮತ್ತೆ ಅಕ್ಕನ ಮನೆಯ ಹೊಸ್ತಿಲು ತುಳಿಯಲಿಲ್ಲ. ಅಕ್ಕ ತೀರಿಕೊಂಡ ದಿನ ಬಂದವನು ಭಾವನ ಮುಖ ಒಂದು ಬಿಟ್ಟು ಉಳಿದದ್ದನ್ನೆಲ್ಲ ನೋಡಿಕೊಂಡು ಹೋದ.

ಏಳು ವರ್ಷ ಹೆಂಡತಿ ಹೇಳಿದ್ದಳು. "ರೀ, ಒಂದ್ಸಲ ಬಿಚ್ಚಿ ನೋಡಿ. ತಪ್ಪು ಅವನದ್ದೇ ಆಗಿದ್ರೆ ನಾನೇ ಹೋಗಿ ಕಿವಿ ಹಿಂಡಿ ಬರ್ತೀನಿ."

"ನಿನ್ ತಮ್ಮನ ಬಂಡವಾಳ ನೋಡೋಕೆ ನನ್ ಸ್ಪ್ಯಾನರ್ ಯಾಕೆ ಸವೆಸಲಿ?"

ಬಿಚ್ಚಲು ಇನ್ನೇನೂ ಉಳಿಯದ ಒಂದು ಬೆಳಿಗ್ಗೆ, ಹೆಂಡತಿಯ ಜೊತೆಗಿನ ಆ ವಾದವನ್ನಾದರೂ ಗೆದ್ದುಬಿಡೋಣವೆಂದು ಮೇಸ್ತ್ರಿ ಟಾರ್ಪಾಲು ಎಳೆದ. ಜಾಕ್ ಏರಿಸಿ ಚಕ್ರ ಕಳಚಿದ. ಪಿನ್ನು ಮೂರು ದಿನ ಹಟ ಹಿಡಿಯಿತು. ಸೀಮೆಎಣ್ಣೆ ಕುಡಿಸಿದ, ಬೆಂಕಿ ತೋರಿಸಿದ, ಅದರ ವಂಶವನ್ನೆಲ್ಲ ಜಾಲಾಡಿದ. ನಾಲ್ಕನೆಯ ದಿನ ಸುತ್ತಿಗೆಯ ಸಾವಿರದೊಂದನೆಯ ಏಟಿಗೆ ಹೊರಬಿತ್ತು. ಮೇಲಿನ ಬುಶ್ ಒಣಗಿ, ಸವೆದು, ಒಳಗೆಲ್ಲ ಪಿನ್ನಿನ ಕೆಂಪು ತುಕ್ಕಿನ ಪುಡಿ. ಗ್ರೀಸಿನ ಹನಿಯೂ ಇಲ್ಲ.

"ನೋಡಿದ್ಯೇನೇ, ನಿನ್ ತಮ್ಮ..." ಎಂದು ಶುರು ಮಾಡಿದವನು ಅಲ್ಲಿಗೇ ನಿಂತ.

ಬುಶ್ಶಿಗೊಂದು ಸಣ್ಣ ತೂತಿರುತ್ತದೆ. ಹೊರಗಿನಿಂದ ಗ್ರೀಸ್ ಬರುವ ದಾರಿಗೆ ಅದು ಸರಿಯಾಗಿ ಎದುರಾಗಿ ಕೂರಬೇಕು. ಇದರ ತೂತು ತಿರುಗಿ ಆಚೆ ಬದಿಗೆ ಮುಖ ಮಾಡಿತ್ತು. ಗ್ರೀಸಿನ ದಾರಿಗೆ ಎದುರಾಗಿದ್ದದ್ದು ಬರೀ ಹಿತ್ತಾಳೆಯ ಗೋಡೆ. ಆ ದಾರಿಯೊಳಗೆ ಮೇಸ್ತ್ರಿ ತಂತಿ ತೂರಿಸಿದ. ಕಪ್ಪು ಗ್ರೀಸು ಕಲ್ಲಿನಂತೆ ಗಟ್ಟಿಯಾಗಿ, ಬಿಗಿಯಾಗಿ ತುಂಬಿಕೊಂಡಿತ್ತು. ಹನ್ನೆರಡು ತಿಂಗಳು, ತಿಂಗಳಿಗೊಮ್ಮೆ, ಒಬ್ಬ ಮನುಷ್ಯ ತೋಳಿನ ಬಲವನ್ನೆಲ್ಲ ಹಾಕಿ ಗೋಡೆಗೆ ಗ್ರೀಸ್ ಹೊಡೆದಿದ್ದ.

ಗುಜರಿ ಡಬ್ಬಿ ಕಾಲ ಬಳಿಯೇ ಇತ್ತು. ನೋಡಿದವರು ಯಾರೂ ಇಲ್ಲ. ಬುಶ್ ಕಿತ್ತು ಅದಕ್ಕೆ ಹಾಕಿದ. ಟಣ್ ಎಂದಿತು. ಅಷ್ಟೇ, ಮೇಸ್ತ್ರಿ ಮತ್ತೆ ತಪ್ಪೇ ಮಾಡದ ಮೇಸ್ತ್ರಿ. ಆದರೆ ಮೂರು ಬೀದಿಯಾಚೆಯ ನಟ್ಟು ಕೇಳಿಸಿಕೊಳ್ಳುವ ಕಿವಿಗೆ ಆ ಟಣ್ ನಿಲ್ಲಲೇ ಇಲ್ಲ. ಊಟಕ್ಕೆ ಕೂತರೆ ಟಣ್, ಹಲ್ಲುಜ್ಜಿದರೆ ಟಣ್. ಮಾರನೆಯ ದಿನ ಡಬ್ಬಿಯನ್ನು ನೆಲಕ್ಕೆ ಬೋರಲು ಹಾಕಿ ಬುಶ್ ಹುಡುಕಿ, ಒರೆಸಿ, ಅಂಗಿಯ ಜೇಬಿಗಿಟ್ಟುಕೊಂಡ.

ಹೊಸ ಬುಶ್ಶು ಕೂರಿಸುವಾಗ ತೂತನ್ನು ನೂರು ಸಲ ನೋಡಿದ, ನೂರಾ ಒಂದನೆಯ ಸಲ ತಂತಿ ತೂರಿಸಿ ನೋಡಿದ. ಹೊಸ ಪಿನ್ನು ಹಾಕಿ, ಬ್ರೇಕುಗಳನ್ನೂ ಸರಿಮಾಡಿ ಚಕ್ರ ಕಟ್ಟಿದ. ಕೊನೆಯ ಪರೀಕ್ಷೆ ಇಬ್ಬರ ಕೆಲಸ. ಒಬ್ಬ ಒಳಗೆ ಕೂತು ಬ್ರೇಕ್ ತುಳಿಯಬೇಕು, ಇನ್ನೊಬ್ಬ ಚಕ್ರ ಅಲುಗಿಸಿ ನೋಡಬೇಕು. ಚಕ್ರ ಹಿಡಿದವನು ಅಭ್ಯಾಸಬಲದಿಂದ "ತುಳಿಯೋ!" ಎಂದು ಕೂಗಿದ. ತಗಡಿನ ಮಾಡು ಅದನ್ನೇ ತಿರುಗಿ ಕೂಗಿತು. ಹಿಂದೆಲ್ಲ ಒಳಗಿನಿಂದ "ತುಳಿದಿದೀನಿ ಭಾವ, ಕಾಲು ಕೊಡ್ಲಾ ಕಳಚಿ?" ಎಂಬ ಉತ್ತರ ಬರುತ್ತಿತ್ತು. ಮೇಸ್ತ್ರಿ ಎದ್ದು ಹೋಗಿ ಸೀಟಿಗೂ ಪೆಡಲಿಗೂ ನಡುವೆ ಒಂದು ಕೋಲು ಸಿಕ್ಕಿಸಿದ. ಕೋಲು ಅಚ್ಚುಕಟ್ಟಾಗಿ ತುಳಿಯಿತು. ಚಕ್ರ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಹೇಳಿಕೊಳ್ಳೋಣವೆಂದರೆ ಕೋಲಿಗೇ ಹೇಳಬೇಕು. ಅದನ್ನು ತೆಗೆದು ಪಕ್ಕದ ಸೀಟಿಗೆ ಒರಗಿಸಿದ.

ಭಾವಮೈದುನನ ಮನೆ ನಾಲ್ಕು ಬೀದಿ ದಾಟಿದರೆ ಸಿಗುತ್ತದೆ. ಆ ಸಂಜೆ ಮೇಸ್ತ್ರಿಗೆ ಅದು ನಾಲ್ಕು ಸಾವಿರ ಮೈಲಿಯಾಯಿತು. ಕಾರನ್ನು ಗೇಟಿನೆದುರು ನಿಲ್ಲಿಸಿದ. ಎಂಜಿನ್ ಸದ್ದಿಗೆ ಭಾವಮೈದುನ ಗೇಟಿನವರೆಗೆ ಬಂದು ನಿಂತ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೇಸ್ತ್ರಿ ಇಳಿದು, ದಾರಿಯುದ್ದ ಹೆಣೆದುಕೊಂಡು ಬಂದಿದ್ದ ಭಾಷಣವನ್ನೆಲ್ಲ ಮರೆತು, ಜೇಬಿನಿಂದ ಬುಶ್ ತೆಗೆದು ಚಾಚಿದ.

ಅವನು ಅದನ್ನು ಬೆರಳಲ್ಲಿ ತಿರುಗಿಸಿದ. ತೂತು ನೋಡಿದ. ತೂತಿನ ಆಚೆ ಬದಿಗೆ, ಒರೆಸಿದರೂ ಹೋಗದೆ ಅಂಟಿದ್ದ ಕಪ್ಪು ಗ್ರೀಸಿನ ಗುರುತು ನೋಡಿದ. ಕಸುಬು ಬಲ್ಲವನಿಗೆ ಅಷ್ಟು ಸಾಕು.

"ತಪ್ಪು ನಂದು," ಎಂದ ಮೇಸ್ತ್ರಿ. ನಲವತ್ತು ವರ್ಷದಲ್ಲಿ ಮೊದಲ ಬಾರಿಗೆ. ಭೂಮಿ ಬಿರಿಯಬೇಕಿತ್ತು, ಕಡೇಪಕ್ಷ ಬೀದಿಯ ನಾಯಿಯಾದರೂ ಬೊಗಳಬೇಕಿತ್ತು. ಏನೂ ಆಗಲಿಲ್ಲ.

"ಅಕ್ಕ ನೋಡಿದ್ಲಾ ಇದನ್ನ?"

"ಇಲ್ಲ."

"ನನ್ನ ನಂಬಿದ್ಲಾ?"

"ಬಿಚ್ಚಿ ನೋಡಿ ಅಂತ ಏಳು ವರ್ಷ ಹೇಳಿದ್ಲು."

ಭಾವಮೈದುನ ಒಳಗೆ ಹೋದ. ಮೇಸ್ತ್ರಿ ಗೇಟಿನಾಚೆಯೇ ನಿಂತ; ಬಾ ಎನ್ನದೆ ಒಳಗೆ ಹೋಗುವುದು ಹೇಗೆ? ಹೊತ್ತು ಕಳೆದು ಅವನು ಗ್ರೀಸ್ ಗನ್ ಹಿಡಿದು ಬಂದ. ಕಾರಿನ ಪಕ್ಕ ಮಂಡಿಯೂರಿ, ಎಡಗಡೆ ಮೇಲಿನ ಕೀಲಿಗೆ ಸಿಕ್ಕಿಸಿ ಒತ್ತಿದ. ಒಂದು, ಎರಡು, ಮೂರು. ಕೀಲಿನ ಅಂಚಿನಿಂದ ಹೊಸ ಗ್ರೀಸು ಉಂಗುರದಂತೆ ಇಣುಕಿತು.

"ಈಗ ಹಿಡೀತಿದೆ," ಎಂದ. ಚಕ್ರಕ್ಕೆ ಹೇಳಿದಂತಿತ್ತು.

ಬೆರಳು ಒರೆಸಿಕೊಂಡು ಎದ್ದ. ಬುಶ್ ವಾಪಸು ಕೊಡಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡ, ಸದ್ದಾಗದಂತೆ, ಮೆತ್ತಗೆ.

ಮೇಸ್ತ್ರಿ ಕಾರು ತಿರುಗಿಸಿದ. ಆ ಹಳೆಯ ಇಳಿಜಾರಿನಲ್ಲಿ ಆ ದಿನದ ನೆನಪಿಗೆ ಸ್ಟೀರಿಂಗ್ ಬಿಗಿಯಾಗಿ ಹಿಡಿದ. ಅದು ಕುಣಿಯಲಿಲ್ಲ. ಒಂದು ಕೈ ಬಿಟ್ಟ, ಆಮೇಲೆ ಇನ್ನೊಂದನ್ನೂ ಬಿಟ್ಟ. ಕಾರು ತನ್ನ ಪಾಡಿಗೆ ನೇರವಾಗಿ ಹೋಯಿತು. ಕೋಲು ಇನ್ನೂ ಪಕ್ಕದ ಸೀಟಿಗೆ ಒರಗಿಕೊಂಡೇ ಇತ್ತು.